ಒಳಗೆ ಸರೀರಿ, ಜಾಗ ಇದೆ

ನಮ್ಮ ಚಳ್ಳಕೆರೆ ಕಡೆ ಬೇಲಿ ಅಂದರೆ ಸಾಲಾಗಿ ಕತ್ತಾಳೆ, ನಡುನಡುವೆ ಪಾಪಾಸುಕಳ್ಳಿ, ಸಂದು ಬಿದ್ದ ಕಡೆ ಬಳ್ಳಾರಿ ಜಾಲಿಯ ಮುಳ್ಳು ಕಡಿದು ತಂದು ತುರುಕಿದ್ದು. ದನ ಒಳಗೆ ನುಗ್ಗಬಾರದು, ಪಕ್ಕದ ಹೊಲದವರ ಮಾತು ಮಾತ್ರ ನುಗ್ಗಬೇಕು. ಬೇಲಿಗೆ ಇನ್ನೇನು ಕೆಲಸ?

ಮಗಳ ಮನೆಗೆಂದು ಅಮೆರಿಕದ ಫೀನಿಕ್ಸ್‌ಗೆ ಬಂದಿಳಿದ ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದೆ. ನೋಡಿದರೆ ನಮ್ಮೂರ ಬೇಲಿಯೆಲ್ಲ ಹೊರಗೆ ನಿಂತಿದೆ! ಕಣ್ಣು ಹಾಯುವಷ್ಟು ದೂರ ಪಾಪಾಸುಕಳ್ಳಿ, ಅಲ್ಲೊಂದು ಇಲ್ಲೊಂದು ಕತ್ತಾಳೆ, ಹಳ್ಳದ ಗುಂಟ ಜಾಲಿಯ ದಾಯಾದಿ ಮೆಸ್ಕೀಟ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವನು ನಾನು. ಈ ಮೂರೂ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದ ಗಿಡಗಳು ಅನ್ನುವುದು ಗೊತ್ತಿತ್ತು. ಆದರೆ ಸೊಸೆಯನ್ನು ಅವಳ ತವರುಮನೆಯಲ್ಲಿ ನೋಡುವುದೇ ಬೇರೆ. ಅಲ್ಲಿ ತಲೆ ತಗ್ಗಿಸಿ ಹೊಲ ಕಾಯುತ್ತಿದ್ದದ್ದು ಇಲ್ಲಿ ಯಜಮಾನಿಕೆ ಮಾಡುತ್ತಿದೆ. ಜನರೇ ಬೇಲಿಯೊಳಗೆ. ಆ ಬೇಲಿಯಾದರೂ ಎಂಥದ್ದು? ಆರಡಿ ಎತ್ತರದ ಸಿಮೆಂಟ್ ಬ್ಲಾಕಿನ ಗೋಡೆ. ಹಿಂಬದಿಗೆ ಮಾತ್ರ ಅರ್ಧ ಗೋಡೆ, ಮೇಲರ್ಧ ಕಬ್ಬಿಣದ ಸರಳು. ಮರುಭೂಮಿ ಕಾಣಲಿ ಅಂತ.

ಮರುಭೂಮಿ ಅನ್ನುವ ಮಾತು ಬಂತು, ಇದನ್ನು ಮೊದಲೇ ಹೇಳಿಬಿಡಬೇಕು. ಇದು ಮರಳುಗಾಡಲ್ಲ. ಸೊನೋರಾ ಮರುಭೂಮಿಗೆ ಚಳಿಗಾಲದಲ್ಲೊಂದು, ಬೇಸಿಗೆ ಕೊನೆಯಲ್ಲೊಂದು, ಹೀಗೆ ವರ್ಷಕ್ಕೆ ಎರಡು ಮಳೆ. ಬೇಸಿಗೆ ಮಳೆಯನ್ನು ಇಲ್ಲಿಯವರೂ ‘ಮಾನ್ಸೂನ್’ ಅಂತಲೇ ಕರೆಯುತ್ತಾರೆ. ನಮ್ಮ ಮುಂಗಾರನ್ನು ಕಂಡವರಿಗೆ ಅದು ಸೀನಿದಷ್ಟು ಮಳೆ. ವರ್ಷವಿಡೀ ಬಿದ್ದದ್ದನ್ನು ಕೂಡಿಸಿದರೂ ಫೀನಿಕ್ಸ್‌ಗೆ ಏಳು ಇಂಚಿನ ಆಜುಬಾಜು. ಅಷ್ಟರಲ್ಲೇ ಸಂಸಾರ ತೂಗಿಸಿಕೊಂಡು ಬಂದಿರುವ ಕಾಡು ಇದು.

ಎಡಗಡೆಯ ಗೋಡೆಯಾಚೆ ಒಬ್ಬ ಅಜ್ಜ ಇದ್ದಾರೆ. ಎಂಬತ್ತು ದಾಟಿದೆ. ಮಿಷಿಗನ್‌ನ ಹಿಮಕ್ಕೆ ಬೇಸತ್ತು ಎಂಬತ್ತರ ದಶಕದಲ್ಲೇ ಈ ಕಡೆ ಬಂದವರು. ಗೋಡೆ ಆರಡಿ, ನಾನು ಐದು ಅಡಿ ನಾಲ್ಕು ಇಂಚು. ಹಾಗಾಗಿ ಅವರು ಬಕೆಟ್ ಬೋರಲು ಹಾಕಿಕೊಂಡು, ನಾನು ಮಗಳು ಹಾಲಿನ ಕ್ಯಾನು ಜೋಡಿಸಿಡುವ ಪ್ಲಾಸ್ಟಿಕ್ ಕ್ರೇಟ್ ಹಾಕಿಕೊಂಡು ನಿಲ್ಲುತ್ತೇವೆ. ದೂರದಿಂದ ನೋಡಿದವರಿಗೆ ಗೋಡೆಯ ಮೇಲೆ ಎರಡು ಬೋಳು ತಲೆಗಳು ಕೂತು ಹರಟುವಂತೆ ಕಾಣುತ್ತದೆ ಎಂದು ಮಗಳ ದೂರು. ನಾನು ಮೇಷ್ಟ್ರು ಅಂತ ತಿಳಿದಂದಿನಿಂದ ಅವರು ನನ್ನನ್ನು ‘ಪ್ರೊಫೆಸರ್’ ಎನ್ನುತ್ತಾರೆ. ತಿದ್ದಲು ಹೋಗಿಲ್ಲ, ಕೇಳಲು ಹಿತವಾಗಿದೆ.

"ಪ್ರೊಫೆಸರ್, ನಾನು ಬಂದಾಗ ಇಲ್ಲಿಗೆ ರಸ್ತೆ ಮುಗಿಯುತ್ತಿತ್ತು," ಎನ್ನುವುದು ಅವರ ಪಲ್ಲವಿ. ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. "ರಾತ್ರಿ ನಕ್ಷತ್ರ ಕಾಣುತ್ತಿತ್ತು. ಈಗ ಕಾಣೋದು ಅಂಗಡಿ ದೀಪ."

ಅಜ್ಜನಿಗೆ ಹೆಮ್ಮೆಯ ವಿಷಯ ಒಂದಿದೆ, ಪಕ್ಕದ ಸ್ಕಾಟ್ಸ್‌ಡೇಲ್ ಊರಿನದು. ಮೊದಲು ಅಲ್ಲಿದ್ದರಂತೆ. ಅಲ್ಲಿಯ ಮ್ಯಾಕ್‌ಡವೆಲ್ ಬೆಟ್ಟದ ತಪ್ಪಲಿಗೆ ಮನೆಗಳು ಹತ್ತುತ್ತಿರುವುದನ್ನು ಕಂಡ ಜನ 1990ರ ಹೊತ್ತಿಗೆ ಗುಂಪು ಕಟ್ಟಿದರು. ಮೆರವಣಿಗೆ ಮಾಡಿ ಸುಮ್ಮನಾಗಲಿಲ್ಲ. 1995ರಲ್ಲಿ ತಾವೇ ಮತ ಹಾಕಿ ತಮ್ಮ ಮೇಲೆ ತೆರಿಗೆ ಹಾಕಿಸಿಕೊಂಡರು. ನೂರು ಡಾಲರಿನ ವ್ಯಾಪಾರಕ್ಕೆ 20 ಸೆಂಟು. ಸಾಲದು ಅಂತ 2004ರಲ್ಲಿ ಮೇಲೆ ಇನ್ನೂ 15 ಸೆಂಟು. ಆ ದುಡ್ಡಿನಿಂದ ಬೆಟ್ಟವನ್ನೂ ಅದರ ಸುತ್ತಲ ಮರುಭೂಮಿಯನ್ನೂ ತುಂಡು ತುಂಡಾಗಿ ಕೊಳ್ಳುತ್ತ ಬಂದರು. ಈಗ 30,000 ಎಕರೆ ಮೀರಿದೆ, ಊರಿನ ಕಾಲುಭಾಗ. ಅದರೊಳಗೆ ಮರುಭೂಮಿಯ ಬಗ್ಗೆ ಪಾಠ ಹೇಳುವ ಕೇಂದ್ರವೊಂದನ್ನು ಕಟ್ಟೋಣ ಎಂದು ಕೆಲವರು ಹೊರಟಾಗಲೂ ಊರು ಎರಡು ಪಾಲಾಯಿತು. 2018ರಲ್ಲಿ ಮತ್ತೆ ಮತ ಹಾಕಿ, ಜನರನ್ನು ಕೇಳದೆ ಒಳಗೆ ಏನನ್ನೂ ಕಟ್ಟಕೂಡದು ಎಂದು ನಗರದ ಕಾನೂನಿನಲ್ಲೇ ಬರೆಸಿದರು.

"ಪಾಠ ಹೇಳುವ ಕಟ್ಟಡವೂ ಬೇಡವೇ?" ಅಂದೆ, ಮೇಷ್ಟ್ರ ಹೊಟ್ಟೆ ಸುಮ್ಮನಿರಬೇಕಲ್ಲ.

"ಮರುಭೂಮಿಯೇ ಪಾಠ ಹೇಳುತ್ತೆ. ಅದಕ್ಕೆ ಏರ್‌ಕಂಡೀಷನ್ ಬೇಕಾಗಿಲ್ಲ."

ಒಪ್ಪಿದೆ. ತೆರಿಗೆ ಅಂದರೆ ಮೈಮೇಲೆ ಹಾವು ಬಿದ್ದಂತೆ ಹಾರುವ ಜನ ಗಿಡಗಂಟಿಗಾಗಿ ಕೈಯಾರೆ ದುಡ್ಡು ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಫೀನಿಕ್ಸ್‌ನವರೂ 1999ರಿಂದ ಹತ್ತು ಡಾಲರಿಗೆ ಒಂದು ಸೆಂಟು ಹೀಗೆ ತೆಗೆದಿಡುತ್ತಿದ್ದಾರೆ.

ಆದರೆ ನಮ್ಮ ಹಿತ್ತಲ ಸರಳಿನಾಚೆಗೆ ಇರುವುದು ಹಾಗೆ ಕೊಂಡಿಟ್ಟ ಕಾಡಲ್ಲ. ಒಂದು ದಿನ ಬೆಳಿಗ್ಗೆ ಅಲ್ಲಿ ಬಾಗಿಲಿನಷ್ಟು ದೊಡ್ಡ ಬೋರ್ಡು ನಿಂತಿತ್ತು. ಮನೆಗಳಿಗಾಗಿ ಜಮೀನಿನ ವಲಯ ಬದಲಿಸುವ ಅರ್ಜಿ, ಇಂಥ ದಿನ ಸಭೆ. ಮಗಳ ಮುಖ ಬಾಡಿತು. ಈ ಸೈಟಿಗೆ ಹಿಂದಿನ ನೋಟಕ್ಕೆಂದೇ ಹೆಚ್ಚುವರಿ ಹಣ ಕೊಟ್ಟಿದ್ದಾಳಂತೆ. ಮಾರಿದವರು ಬಿಲ್ಲಿನಲ್ಲಿ ‘ವ್ಯೂ ಪ್ರೀಮಿಯಂ’ ಅಂತ ಬರೆದಿದ್ದಾರೆ, ನೋಟ ಎಷ್ಟು ವರ್ಷ ಇರುತ್ತದೆಂದು ಬರೆದಿಲ್ಲ. ಹಿಂದೆ ಏನೂ ಬರುವುದಿಲ್ಲ ಎಂದು ಬಾಯಲ್ಲಿ ಹೇಳಿದ ಹುಡುಗ ಈಗ ಆ ಕೆಲಸದಲ್ಲೇ ಇಲ್ಲ.

ಭೂಮಿ ಯಾರದು ಅಂತ ವಿಚಾರಿಸಿದರೆ, ಶಾಲೆಯದು! ನನಗೆ ನಗು ತಡೆಯಲಾಗಲಿಲ್ಲ. ನೆಲವನ್ನು ಚದುರಂಗದ ಮನೆಯಂತೆ ಅಳೆದು, ಒಂದೊಂದು ಚದರ ಮೈಲಿಯ 36 ಚೌಕಕ್ಕೆ ಒಂದು ‘ಟೌನ್‌ಷಿಪ್’ ಅಂತ ಲೆಕ್ಕ ಇಟ್ಟಿದ್ದಾರೆ. 1912ರಲ್ಲಿ ಅರಿಜೋನಾ ರಾಜ್ಯವಾಗುವ ಹೊತ್ತಿಗೆ ಆ 36ರಲ್ಲಿ ನಾಲ್ಕು ಚೌಕ ಶಾಲೆಗಳಿಗೆ ಅಂತ ಕೇಂದ್ರ ಸರ್ಕಾರ ಬಿಟ್ಟುಕೊಟ್ಟಿತು. ‘ಸ್ಟೇಟ್ ಟ್ರಸ್ಟ್ ಲ್ಯಾಂಡ್’ ಎಂದು ಹೆಸರು. ಈಗಲೂ ತೊಂಬತ್ತು ಲಕ್ಷ ಎಕರೆ ಮೀರಿ ಉಳಿದಿದೆ. ಮಾರುವುದಾದರೆ ಬಹಿರಂಗ ಹರಾಜು, ಹೆಚ್ಚು ಕೂಗಿದವನಿಗೆ. ಬಂದ ಹಣದ ಬಹುಪಾಲು ಶಾಲೆಗಳ ನಿಧಿಗೆ. ಕಾಪಾಡಬೇಕು ಅನ್ನುವ ಊರೂ ಬಿಲ್ಡರನ ಪಕ್ಕದಲ್ಲೇ ನಿಂತು ಸವಾಲು ಕೂಗಬೇಕು. ಇಲ್ಲಿಯ ಜನ ಅದನ್ನು ಕಾಡು ಅಂದುಕೊಂಡು ನಾಯಿ ಕರೆದುಕೊಂಡು ಅಡ್ಡಾಡುತ್ತಾರೆ. ಕಾನೂನು ಪ್ರಕಾರ ಅದರೊಳಗೆ ಕಾಲಿಡಲೂ ಪರವಾನಗಿ ಬೇಕು. ಅಂದರೆ ಈ ಕಳ್ಳಿ, ಈ ಜಾಲಿ, ಈ ಮೊಲ, ಎಲ್ಲವೂ ಮಕ್ಕಳ ಫೀಸಿಗಾಗಿ ಮನೆಯಲ್ಲಿಟ್ಟ ಬಂಗಾರ. ಬೇಕಾದಾಗ ಸೇಠು ಅಂಗಡಿಗೆ ಹೋಗುವಂಥದ್ದು.

ಬಲಗಡೆಯ ಗೋಡೆಯಾಚೆ ಗೌಡರು. ಮಂಡ್ಯದ ಕಡೆಯವರು, ಚಿಪ್ ಕಾರ್ಖಾನೆಯಲ್ಲಿ ಕೆಲಸ, ಇಪ್ಪತ್ತೆರಡು ವರ್ಷದಿಂದ ಇಲ್ಲೇ. ಅವರು ಆರಡಿ ಆಳು, ಬಕೆಟ್ ಬೇಡ.

"ಏನ್ ಮೇಷ್ಟ್ರೇ, ಬೋರ್ಡ್ ನೋಡುದ್ರಾ? ಮನೆ ಕಟ್ಲಿ, ಬೇಡ ಅನ್ನಾಕಾಯ್ತದಾ? ನೀರ್ ಎಲ್ಲಿಂದ ತತ್ತಾರೆ ಕೇಳಿ, ಅಷ್ಟೆಯ."

ಮಂಡ್ಯದವರ ಹತ್ತಿರ ನೀರಿನ ಮಾತು ತೆಗೆದರೆ ಮುಗಿಯಿತು, ಕಾಫಿ ಆರುತ್ತದೆ. ಫೀನಿಕ್ಸ್‌ಗೆ ನೀರಿನ ಒಂದು ದೊಡ್ಡ ಪಾಲು ಬರುವುದು ಕೊಲರಾಡೋ ನದಿಯಿಂದ, 336 ಮೈಲಿ ಉದ್ದದ ಕಾಲುವೆಯಲ್ಲಿ, ಪಂಪು ಹಾಕಿ ಏರಿಸಿಕೊಂಡು. ಆ ನದಿಗೆ ಏಳು ರಾಜ್ಯಗಳ ಪಾಲುದಾರಿಕೆ. "ಅವರ ಒಪ್ಪಂದ 1922ರದ್ದು, ನಮ್ ಕಾವೇರೀದು 1924," ಎಂದರು ಗೌಡರು, ಎರಡೂ ಒಪ್ಪಂದಕ್ಕೆ ತಾವೇ ಸಾಕ್ಷಿ ಹಾಕಿದವರಂತೆ. "ನದೀಲಿ ನೀರ್ ಕಮ್ಮಿ ಆದ್ರೆ ಮೊದ್ಲು ಕೈ ಬೀಳೋದು ಈ ಕಾಲ್ವೆ ಮ್ಯಾಲೆ. ನಾನ್ ಅಲ್ಲೂ ಕಾಲ್ವೆ ಕೊನೇಲಿದ್ದೋನು, ಇಲ್ಲೂ ಕಾಲ್ವೆ ಕೊನೇಲೇ ಬಂದ್ ಕೂತ್ಕಂಡಿವ್ನಿ."

ರಿಯೋ ವರ್ಡೆ ಫುಟ್‌ಹಿಲ್ಸ್‌ನ ಕಥೆ ಹೇಳಿದವರೂ ಅವರೇ. ಸ್ಕಾಟ್ಸ್‌ಡೇಲ್‌ಗೆ ಅಂಟಿಕೊಂಡ, ಯಾವ ನಗರಸಭೆಗೂ ಸೇರದ ಜಾಗ ಅದು. ಅರಿಜೋನಾದ ಈ ಸೀಮೆಯಲ್ಲಿ ಲೇಔಟ್ ಮಾಡುವವನು ನೂರು ವರ್ಷಕ್ಕೆ ಸಾಲುವಷ್ಟು ನೀರು ತೋರಿಸಬೇಕು ಅಂತ ಕಾನೂನಿದೆ. 1980ರ ಅಂತರ್ಜಲ ಕಾಯಿದೆಯಿಂದ ಬಂದದ್ದು. ಕೇಳಿದಾಗ ಕೈ ಮುಗಿಯೋಣ ಅನ್ನಿಸಿತು. ನೂರು ವರ್ಷ! ನಮ್ಮಲ್ಲಿ ನೂರು ದಿನದ್ದು ತೋರಿಸಿ ಅಂದರೆ ಅರ್ಧ ಬೆಂಗಳೂರು ಎದ್ದು ಹೋಗಬೇಕು. ಆದರೆ ಕಾನೂನು ಎಲ್ಲಿದೆಯೋ ಅಲ್ಲಿ ರಂಗೋಲಿ ಕೆಳಗೆ ನುಸುಳುವವರೂ ಇದ್ದಾರೆ. ಆರು ಸೈಟು ಮಾಡಿದರೆ ತಾನೆ ಲೇಔಟ್? ಐದು ಮಾಡಿದರೆ ಅಲ್ಲವಲ್ಲ! ಐದೈದರಂತೆ ತುಂಡು ಮಾಡಿ ಮಾರಿದರು. ಅಲ್ಲಿ ಎಷ್ಟೋ ಮನೆಗೆ ಬೋರು ಸಿಗಲಿಲ್ಲ. ಹಿತ್ತಲಲ್ಲಿ ಸಂಪು ಕಟ್ಟಿಕೊಂಡು ಟ್ಯಾಂಕರ್ ನೀರು ಹಾಕಿಸಿಕೊಂಡರು. ಟ್ಯಾಂಕರ್ ತುಂಬುತ್ತಿದ್ದದ್ದು ಸ್ಕಾಟ್ಸ್‌ಡೇಲಿನ ನಲ್ಲಿಯಲ್ಲಿ. ಬರ ಬಂದಿದೆ, ನಮ್ಮವರಿಗೇ ಸಾಲದು ಎಂದು ಆ ಊರು ಮೊದಲೇ ಎಚ್ಚರಿಸಿ, 2023ರ ಜನವರಿ 1ಕ್ಕೆ ನಲ್ಲಿ ತಿರುಗಿಸಿತು. ಕೋಟಿ ರೂಪಾಯಿ ಬಾಳುವ ಬಂಗಲೆಗಳಲ್ಲಿ ಜನ ಕಾಗದದ ತಟ್ಟೆಯಲ್ಲಿ ಉಂಡರು, ಮಳೆನೀರು ಹಿಡಿದು ಕಕ್ಕಸಿಗೆ ಸುರಿದರು. ಅದಕ್ಕೆ ಮುಂಚೆ ನಾವೇ ಸೇರಿ ನೀರಿನ ಮಂಡಳಿ ಮಾಡಿಕೊಳ್ಳೋಣ ಎಂದು ಕೆಲವರು ಹೊರಟರೆ, ಸ್ವಂತ ಬೋರು ಇದ್ದವರು ಮತ್ತೊಂದು ಸರ್ಕಾರ ನಮ್ಮ ತಲೆ ಮೇಲೆ ಬೇಡ ಅಂತ ಅಡ್ಡ ನಿಂತರು. ಆ ವರ್ಷವೇ ಕೊನೆಗೆ ಬೇರೆ ಏರ್ಪಾಡಾಗಿ ನಲ್ಲಿಯೇನೋ ತೆರೆಯಿತು. ಬೇಲಿಯಾಚೆಗಿನ ಮಾತುಕತೆ ಮಾತ್ರ ಇನ್ನೂ ಸರಿಹೋಗಿಲ್ಲವಂತೆ.

"ಟ್ಯಾಂಕರ್ ತಪ್ಪುಸ್ಕಳಾಕೆ ಅಂತ ಅಮೆರಿಕಕ್ಕೆ ಬಂದ್ರೆ ಇಲ್ಲೂ ಟ್ಯಾಂಕರ್!" ಎಂದು ನಕ್ಕರು ಗೌಡರು. ಅದೇ 2023ರ ಜೂನಿನಲ್ಲಿ, ಬರೀ ಅಂತರ್ಜಲ ನಂಬಿ ಹೊರವಲಯದಲ್ಲಿ ಎಬ್ಬಿಸುವ ಹೊಸ ಲೇಔಟುಗಳಿಗೆ ಒಪ್ಪಿಗೆ ಇಲ್ಲ ಎಂದು ರಾಜ್ಯಪಾಲೆ ಕೇಟಿ ಹಾಬ್ಸ್ ಘೋಷಿಸಿದರು. ನೂರು ವರ್ಷದ ಲೆಕ್ಕ ಹಾಕಿ ನೋಡಿದರೆ ಭೂಮಿಯೊಳಗಿನ ನೀರು ಎಲ್ಲರಿಗೂ ಎಟುಕುವುದಿಲ್ಲ ಅಂತ ಬಂದಿತ್ತು. ನಮ್ಮ ಹಿತ್ತಲಿಗೆ ಅದರಿಂದ ಏನೂ ಆಗಲಿಲ್ಲ. ಫೀನಿಕ್ಸ್ ನಗರದೊಳಗೆ ನದಿನೀರಿನ ಲೆಕ್ಕ ಇದೆ, ಕಟ್ಟಬಹುದು.

ಸಭೆಗೆ ಮುಂಚೆ ಒಂದು ದಿನ ಅಜ್ಜ ಕಾರಿನಲ್ಲಿ ಕೂರಿಸಿಕೊಂಡು ಎರಡು ಮೈಲಿ ಆಚೆಗಿನ ಕಾಮಗಾರಿ ತೋರಿಸಿದರು. ಅದನ್ನು ನಾನು ಮರೆಯಲಾರೆ. ನೆಲ ತಟ್ಟೆಯಂತೆ ಸಪಾಟು. ಅಂಚಿನಲ್ಲಿ ಸಾಲಾಗಿ ಮರದ ಪೆಟ್ಟಿಗೆಗಳು. ಒಂದೊಂದರಲ್ಲೂ ಬೇರಿನ ಮಣ್ಣುಂಡೆ ಸಮೇತ ಒಂದು ಮರ. ಹಸಿರು ತೊಗಟೆಯ ಪಾಲೋ ವರ್ಡೆ, ಕಬ್ಬಿಣದಷ್ಟು ಗಟ್ಟಿಯ ಐರನ್‌ವುಡ್. ಕೊರಳಿಗೆ ನಂಬರಿನ ಚೀಟಿ. ಪಕ್ಕದಲ್ಲಿ ಕಂಬಳಿ ಸುತ್ತಿ ಮಲಗಿಸಿದ ಸಗುವಾರೋ ಕಳ್ಳಿಗಳು. ಇಲ್ಲಿಯ ನಾಡಗಿಡಗಳನ್ನು ಸುಮ್ಮನೆ ಕಡಿದು ಒಗೆಯುವಂತಿಲ್ಲ. ಸರ್ಕಾರಕ್ಕೆ ತಿಳಿಸಬೇಕು, ಸಗುವಾರೋ ಕದ್ದರೆ ಜೈಲು. ಹಾಗಾಗಿ ಕಿತ್ತು, ಪೆಟ್ಟಿಗೆಗೆ ಹಾಕಿ, ಮನೆ ಮುಗಿದ ಮೇಲೆ ಮತ್ತೆ ನೆಡುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತು ಬಸ್ಸಿಗೆ ಕಾಯುವ ಗುಳೆ ಜನರ ಹಾಗೆ ಕಂಡವು ಆ ಮರಗಳು.

ಸಗುವಾರೋ ಅಂದರೆ ಸಿನಿಮಾದಲ್ಲಿ ಕೈ ಎತ್ತಿ ನಿಂತಿರುತ್ತದಲ್ಲ, ಅದೇ ಕಂಬದ ಕಳ್ಳಿ. ಹುಟ್ಟಿದ ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯುವುದು ಒಂದರಿಂದ ಒಂದೂವರೆ ಇಂಚು. ಯಾವುದಾದರೂ ಪಾಲೋ ವರ್ಡೆಯ ನೆರಳಿನಲ್ಲಿ, ಅಜ್ಜಿಯ ಸೆರಗಿನಡಿಯ ಕೂಸಿನಂತೆ ಬೆಳೆಯುತ್ತದೆ. ಮೊದಲ ಕೈ ಮೂಡಬೇಕಾದರೆ ಐವತ್ತು, ಎಪ್ಪತ್ತು ವರ್ಷ. ಆಯಸ್ಸು ನೂರೈವತ್ತು ದಾಟುತ್ತದೆ. ಈ ನೆಲದ ಮೂಲನಿವಾಸಿಗಳಾದ ತೋಹೋನೋ ಓಡಮ್ ಜನ ಇದನ್ನು ಗಿಡ ಅನ್ನುವುದೇ ಇಲ್ಲ, ಮನುಷ್ಯ ಅನ್ನುತ್ತಾರೆ. ಬೇಸಿಗೆಯ ನೆತ್ತಿಯಲ್ಲಿ ಒಣಗಿದ ಸಗುವಾರೋದ ಪಕ್ಕೆಲುಬಿನಿಂದಲೇ ದೋಟಿ ಮಾಡಿ ಅದರ ಹಣ್ಣು ಕೆಡವುತ್ತಾರೆ. ಅವರಿಗೆ ಅದೇ ಯುಗಾದಿ, ಅಲ್ಲಿಂದಾಚೆ ಮಳೆ.

"ಇದನ್ನು ಕಿತ್ತು ನೆಟ್ಟರೆ ಬದುಕುತ್ತದೆಯೇ?" ಎಂದು ಕೇಳಿದೆ.

"ಬದುಕಿದ ಹಾಗೆ ಕಾಣುತ್ತೆ. ಒಡಲಲ್ಲಿ ನೀರು ತುಂಬಿಕೊಂಡಿರುತ್ತಲ್ಲ, ಸಾಯೋಕೂ ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಬಿಲ್ಡರ್ ಬೇರೆ ಊರಿಗೆ ಹೋಗಿರುತ್ತಾನೆ."

ಸಭೆ ಹತ್ತಿರದ ಶಾಲೆಯಲ್ಲಿ. ಮಕ್ಕಳ ಕುರ್ಚಿಯಲ್ಲಿ ದೊಡ್ಡವರು ಮಂಡಿ ಮಡಿಚಿ ಕೂತಿದ್ದರು. ನನಗೂ ಮಗಳಿಗೂ ಹಿಂದಿನ ಸಾಲು. ಎದ್ದವರೆಲ್ಲ ಮೊದಲು ಮರುಭೂಮಿಯ ಆಮೆಯ ಬಗ್ಗೆ ಮಾತಾಡಿದರು, ಆಮೇಲೆ ಟ್ರಾಫಿಕ್ ಬಗ್ಗೆ, ಕೊನೆಗೆ ದನಿ ತಗ್ಗಿಸಿ ತಮ್ಮ ಮನೆಯ ರೇಟಿನ ಬಗ್ಗೆ. ಆಮೆಯಿಂದ ರೇಟಿಗೆ ಬರಲು ಒಬ್ಬರಿಗೂ ಮೂರು ನಿಮಿಷದ ಮೇಲೆ ಹಿಡಿಯಲಿಲ್ಲ. ತಮಾಷೆ ಮಾಡುತ್ತಿಲ್ಲ, ಆಮೆಯ ಮೇಲೂ ಅವರಿಗೆ ನಿಜವಾದ ಪ್ರೀತಿಯೇ. 2023ರ ಬೇಸಿಗೆಯಲ್ಲಿ 31 ದಿನ ಒಂದೇ ಸಮನೆ 43 ಡಿಗ್ರಿ ಮೀರಿ ಸುಟ್ಟಾಗ, ರಾತ್ರಿಯೂ ತಂಪಾಗದೆ ನಿಂತಲ್ಲೇ ಕುಸಿದ ಸಗುವಾರೋಗಳನ್ನು ಒಬ್ಬರು ನೆನೆದರು. ಡಾಂಬರು, ಕಾಂಕ್ರೀಟು ಹೆಚ್ಚಾದಷ್ಟೂ ರಾತ್ರಿ ಕಾವು ಇಳಿಯುವುದಿಲ್ಲ ಎಂದರು. ಅದೂ ನಿಜವೇ.

ಆಗ ಆ ಶಾಲೆಯದೇ ಒಬ್ಬ ಟೀಚರಮ್ಮ ಎದ್ದಳು. ಮೂವತ್ತರ ಒಳಗಿನ ಹೆಣ್ಣುಮಗಳು. "ನಿಮ್ಮ ಮಕ್ಕಳಿಗೆ ನಾನು ಪಾಠ ಹೇಳುತ್ತೇನೆ. ನನ್ನ ಮನೆ ಬಕೈ ಊರಲ್ಲಿ. ದಿನಾ ಬೆಳಿಗ್ಗೆ ನಲವತ್ತು ಮೈಲಿ, ಸಂಜೆ ನಲವತ್ತು ಮೈಲಿ. ಅಲ್ಲಿರುವುದೂ ಮರುಭೂಮಿಯೇ, ಅದನ್ನೇ ಅಗೆದು ನನಗೆ ಮನೆ ಕಟ್ಟಿದ್ದು. ಅಲ್ಲಿಯ ಆಮೆಗೆ ಯಾರೂ ಸಭೆ ಮಾಡಲಿಲ್ಲ," ಎಂದಳು. ಇನ್ನೂ ಒಂದು ಮಾತು ಸೇರಿಸಿದಳು: ಆ 2023ರಲ್ಲೇ ಈ ಕೌಂಟಿಯಲ್ಲಿ ಸೆಕೆಗೆ ಸತ್ತವರು 645 ಜನ, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸೂರಿಲ್ಲದವರು. ಸಭೆಯಲ್ಲಿ ಯಾರೋ ಕೆಮ್ಮಿದರು, ಅಷ್ಟೇ.

ನನಗೆ ಚಳ್ಳಕೆರೆ–ಬಳ್ಳಾರಿ ಬಸ್ಸು ನೆನಪಾಯಿತು. ಕೆಳಗೆ ನಿಂತವನು ಬಾಗಿಲ ಸರಳು ಹಿಡಿದು ಕೂಗುತ್ತಾನೆ, "ಒಳಗೆ ಸರೀರಿ, ಜಾಗ ಇದೆ!" ಹೇಗೋ ತೂರಿಕೊಂಡು ಒಂದು ಮೆಟ್ಟಿಲು ಹತ್ತಿದನೋ, ಹಿಂತಿರುಗಿ ನೋಡದೆ ಅವನೇ ಕೂಗುತ್ತಾನೆ, "ರೈಟ್ ಹೇಳಪ್ಪಾ, ಎಷ್ಟು ತುಂಬ್ತೀಯ?" ಆ ಸಭೆಯಲ್ಲಿ ಕೂತವರೆಲ್ಲ ಮೆಟ್ಟಿಲು ಹತ್ತಿದವರು. ನಾನಿದ್ದ ಮಗಳ ಮನೆ ಏಳು ವರ್ಷದ್ದು. ಅದರ ಅಡಿಪಾಯದ ಕೆಳಗೂ ಯಾವುದೋ ಆಮೆಯ ಬಿಲ ಇದ್ದಿರಬೇಕು. ಅಜ್ಜ ಬಂದಾಗ ರಸ್ತೆ ಮುಗಿಯುತ್ತಿದ್ದದ್ದು ಅವರ ಮನೆಯ ಮುಂದೆ. ಅವರಿಗೂ ಮುಂಚೆ ಇದ್ದವರಿಗೆ ಅದು ಇನ್ನೂ ಹಿಂದೆಯೇ ಮುಗಿಯುತ್ತಿತ್ತು.

ಮರುದಿನ ಕ್ರೇಟು ಹತ್ತಿ ಅಜ್ಜನನ್ನು ಕೆಣಕಿದೆ. "ಊರು ಹೊರಕ್ಕೆ ಹಬ್ಬೋದು ಬೇಡ ಅಂತೀರಿ. ಸರಿ, ಒಳಗೇ ಕಟ್ಟೋಣ. ದೊಡ್ಡ ಊರುಗಳಲ್ಲಿ ಹಿತ್ತಲಿಗೊಂದು ಚಿಕ್ಕ ಮನೆ ಕಟ್ಟಲು ಬಿಡಲೇಬೇಕು ಅಂತ 2024ರಲ್ಲಿ ಕಾನೂನು ಬಂದಿದೆಯಂತಲ್ಲ, ಏನದು, ಕಸೀಟಾ? ನಮ್ಮ ಗೌಡರು ತಮ್ಮ ಹಿತ್ತಲಲ್ಲಿ ಒಂದು ಎಬ್ಬಿಸುತ್ತಾರಂತೆ, ಬಾಡಿಗೆಗೆ."

ಅಜ್ಜ ಬಕೆಟಿನಿಂದ ಬೀಳುವುದೊಂದು ಬಾಕಿ. "ಹಿತ್ತಲಲ್ಲೇ? ಬೀದಿ ತುಂಬ ಕಾರು ನಿಲ್ಲಿಸಲೇ?"

ಗೌಡರದೂ ಅದೇ ಕಥೆ ಅನ್ನಿ. ತಮ್ಮ ಕಸೀಟಾಗೆ ನೀರಿನ ಚಿಂತೆ ಇಲ್ಲ, ಹಿಂದಿನ ಲೇಔಟಿಗೆ ಮಾತ್ರ ಇದೆ.

ಹಾಗಂತ ನಾನು ಬಿಲ್ಡರ್ ಕಡೆಗೆ ವಾಲಿದೆ ಅಂದುಕೊಳ್ಳಬೇಡಿ. ಆ ಸಭೆಯಲ್ಲಿ ಅವರ ಕಡೆಯವನು ನಕ್ಷೆ ತೋರಿಸುತ್ತ ಮತ್ತೆ ಮತ್ತೆ ‘ಖಾಲಿ ಜಾಗ’ ಅಂದ. ಆ ಮಾತು ಕೇಳಿದರೆ ನನ್ನ ಹೊಟ್ಟೆಯಲ್ಲಿ ಕಸಿವಿಸಿ. ನಮ್ಮ ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ಕಡತದಲ್ಲಿ ಹೀಗೇ ಖಾಲಿ ಅಂತ ಬರೆದರು. ಸುಮಾರು 10,000 ಎಕರೆ ಹುಲ್ಲುಗಾವಲು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು, ಸುತ್ತ ಗೋಡೆ ಎದ್ದಿತು. ಕೃಷ್ಣಮೃಗ ಓಡಾಡುವ, ಸಾವಿರಾರು ಕುರಿ ಮೇಯುವ ಜಾಗ ಖಾಲಿ ಹೇಗಾಗುತ್ತದೆ? ನಕ್ಷೆಯಲ್ಲಿ ಬಣ್ಣ ಹಚ್ಚಿಲ್ಲ, ಅಷ್ಟೇ. ಸ್ಕಾಟ್ಸ್‌ಡೇಲಿನವರು ಮಾಡಿದ್ದು ಅದಕ್ಕೇ ದೊಡ್ಡದು. ಬೆಟ್ಟವನ್ನು ದುಡ್ಡು ಕೊಟ್ಟು ಕೊಂಡು, ಇದು ಖಾಲಿಯಲ್ಲ, ಇಲ್ಲಿ ಮರುಭೂಮಿ ಇದೆ ಅಂತ ಬಣ್ಣ ಹಚ್ಚಿಟ್ಟರು. ಎಲ್ಲಿ ಕಟ್ಟಬಾರದು ಅನ್ನುವುದನ್ನು ಮೊದಲೇ ಗೆರೆ ಎಳೆದು, ಅದರ ಬೆಲೆ ತೆತ್ತವರು ಮಿಕ್ಕ ಕಡೆ ಕಟ್ಟುವವನಿಗೆ ಸರಿ ಅನ್ನಬೇಕಾಗುತ್ತದೆ. ಆ ಎರಡನೆಯ ಅರ್ಧ ಎಡಗೋಡೆಗೂ ರುಚಿಸುವುದಿಲ್ಲ, ಬಲಗೋಡೆಗೂ ರುಚಿಸುವುದಿಲ್ಲ.

ಮೇ ತಿಂಗಳು ಬಂತು. ಸಗುವಾರೋ ತಲೆಯ ಮೇಲೆ ಬಿಳಿ ಹೂವಿನ ಕಿರೀಟ. ನಾನು ಊರಿಗೆ ಹೊರಡಲು ವಾರ ಇರುವಾಗ ಬೆಂಗಳೂರಿನಿಂದ ಕಿರಿಮಗನ ಫೋನು.

"ಅಪ್ಪಾ, ನಂಗೂ ಫೀನಿಕ್ಸ್‌ಗೇ ಟ್ರಾನ್ಸ್‌ಫರ್ ಆಯ್ತು. ಅಕ್ಕನ ಮನೆ ಹಿಂದೆ ಲೇಔಟ್ ಬರುತ್ತಂತಲ್ಲ? ಬುಕಿಂಗ್ ಯಾವಾಗ, ಒಂದು ಸೈಟಿಗೆ ಎಷ್ಟು, ಸ್ವಲ್ಪ ವಿಚಾರಿಸ್ತೀರಾ? ಅಕ್ಕಂಗೆ ಕೇಳಿದ್ರೆ ಬೈತಾಳೆ."

ವಿಚಾರಿಸುತ್ತೇನೆ ಎಂದೆ. ಫೋನು ಜೇಬಿಗಿಟ್ಟು ಹಿತ್ತಲಿಗೆ ಬಂದೆ. ಎಡಗೋಡೆಯ ಮೇಲೆ ಆಗಲೇ ಬೋಳು ತಲೆ ಮೂಡಿತ್ತು. ಕೈಯಲ್ಲಿ ಒಂದು ಹಾಳೆ. ಲೇಔಟ್ ಬೇಡ ಅಂತ ಬೀದಿಯವರೆಲ್ಲ ಸಹಿ ಹಾಕಿರುವ ಮನವಿ. ಮಗಳ ಹೆಸರಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದರು.

"ಪ್ರೊಫೆಸರ್, ನೀವು ಇಲ್ಲಿಯ ಮತದಾರರಲ್ಲ. ಆದರೂ ನಿಮ್ಮದೊಂದು ಸಹಿ ಇದ್ದರೆ ನನಗೆ ಸಂತೋಷ."

ಹಿಂದಿನ ಸರಳುಗಳ ಸಂದಿನಿಂದ ಕ್ವೇಲ್ ಹಕ್ಕಿಯೊಂದು ತಲೆಯ ಜುಟ್ಟು ಅಲ್ಲಾಡಿಸುತ್ತ ಒಳಗೆ ಬರುತ್ತಿತ್ತು. ಹಿಂದೆ ಅಡಿಕೆಯಷ್ಟಷ್ಟೇ ಇರುವ ಮರಿಗಳು. ನಾನು ಕ್ರೇಟಿನ ಮೇಲೆ ಹತ್ತಿ ನಿಂತು, "ನೋಡಿ ನೋಡಿ, ನಿನ್ನೆ ಹನ್ನೊಂದು ಇದ್ದವು, ಇವತ್ತೆಷ್ಟು ಎಣಿಸೋಣ," ಎಂದೆ.